ವನಗೂರಿಗೆ ಹೋಗದ ಬೆಕ್ಕು

ಕಾಫಿ ತುಂಬಿದ್ದ ಹಳೆಯ ಗೋಣಿಚೀಲವನ್ನು ಇವತ್ತು ಕೊಡವುವಾಗ ಮೂಗಿಗೆ ಬಡಿದ ವಾಸನೆ ನನ್ನನ್ನು ಸೀದಾ ಪಾಳ್ಯದ ಮನೆಯ ಜಗಲಿಗೆ ಕರೆದೊಯ್ದಿತು.

ಅಲ್ಲಿ ತಾತನ ಬೀಟೆಮರದ ಕುರ್ಚಿಯಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದ ತಾತ ನಮ್ಮನ್ನು ಅದರಲ್ಲಿ ಕೂರಲೂ ಬಿಡುತ್ತಿರಲಿಲ್ಲ. ನಮ್ಮ ಬೆಕ್ಕು ಕೆಂಚಿ ಮಾತ್ರ ದಿನಾ ಬೆಳಗ್ಗೆ ಅದರ ಕಾಲನ್ನೇ ಪರಪರ ಕೆರೆಯುತ್ತಿತ್ತು. ಬೈದರೂ, ಸೀಮೆಎಣ್ಣೆ ಸವರಿದರೂ ಬಿಡಲಿಲ್ಲ.

"ಇದನ್ನ ಇವತ್ತು ವನಗೂರಿಗೆ ಕಳಿಸ್ಬುಡ್ತೀನಿ," ಎಂದು ತಾತ ಒಂದು ದಿನ ಕಾಫಿ ಗೋಣಿ ತಂದೇಬಿಟ್ಟರು. ವಾಪಸ್ ಬರುವ ದಾರಿ ಕಾಣಬಾರದೆಂದು ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ದೂರ ಬಿಡುವುದು ನಮ್ಮ ಕಡೆಯ ರೂಢಿ. ದೂರದ ವನಗೂರಿನ ಎಸ್ಟೇಟಿಗೆ ಆಳುಗಳನ್ನು ಒಯ್ಯುವ ಜೀಪು ಬರುವುದರಲ್ಲಿತ್ತು. ನಾನು ಅಳುತ್ತ ಅಜ್ಜಿಯ ಸೆರಗು ಹಿಡಿದೆ.

ಎಷ್ಟೇ ಸಿಟ್ಟಿದ್ದರೂ ಬೆಳಗಿನ ಕಾಫಿ ಬಿಡದ ತಾತ, ಗೋಣಿಯನ್ನು ಕುರ್ಚಿಗೆ ಒರಗಿಸಿ ಕೂತರು. ಕೆಂಚಿ ಬಂತು, ಮೈಮುರಿಯಿತು, ಕುರ್ಚಿಯ ಕಾಲು ಬಿಟ್ಟು ಗೋಣಿಗೇ ಉಗುರು ಹಾಕಿತು.

"ನೋಡ್ರೀ, ಅದಕ್ಕೆ ಬೇಕಾಗಿದ್ದು ಗೋಣಿ ಕಣ್ರೀ, ನಿಮ್ಮ ಕುರ್ಚಿ ಅಲ್ಲ," ಎಂದ ಅಜ್ಜಿ, ಆ ಗೋಣಿಯನ್ನೇ ಕುರ್ಚಿಯ ಕಾಲಿಗೆ ಸುತ್ತಿ ಹುರಿಯಿಂದ ಬಿಗಿದರು. ಜೀಪು ಬಂದು ಹಾರ್ನ್ ಹೊಡೆದಾಗ ತಾತ ಎದ್ದು ಹೋಗಿ ಡ್ರೈವರಿಗೆ, "ಏನಿಲ್ಲ, ಹೋಗು ಮಾರಾಯ," ಎಂದರು.

ಇವತ್ತು ಕೊಡವಿದ ಗೋಣಿಯನ್ನು ನಮ್ಮ ಮರಿಬೆಕ್ಕು ಕೆರೆಯುತ್ತಿದ್ದ ಹೊಸ ಸೋಫಾದ ಮೂಲೆಗೆ ಸುತ್ತಿದೆ. ಮನೆಯವರು ನಕ್ಕರು. ಮರಿಬೆಕ್ಕು ಬಂದು ಮೂಸಿ, ಪರಪರ ಶುರುಮಾಡಿತು. ನನಗೆ ಕೇಳಿಸಿದ್ದು ಮಾತ್ರ, ಕೆಂಚಿಯಿಲ್ಲದೆ ಇಳಿಜಾರಿನಲ್ಲಿ ದೂರವಾದ ಆ ಜೀಪಿನ ಸದ್ದು.