ಕ್ಯಾಂಟನ್ನಿನ ಹಿತ್ತಲ ಬೇಲಿ

ಶಿಕಾಗೋದಿಂದ ಕಾರಿನಲ್ಲಿ ಗೆಳೆಯನ ಊರಾದ ಕ್ಯಾಂಟನ್ ತಲುಪುವಷ್ಟರಲ್ಲಿ ನನಗೆ ಬೇಕಾಗಿದ್ದದ್ದು ಒಂದು ದಿಂಬು. ಆದರೆ ಅತಿಥಿಧರ್ಮ ಅಂತ ಒಂದಿದೆಯಲ್ಲ. ಗೆಳೆಯ ಶ್ರೀಧರ ಈಚೆಗೆ ಹೋಗಿಬಂದ ಭೂತಾನದ ಫೋಟೋಗಳನ್ನು ಟೀವಿಯಲ್ಲಿ ತೋರಿಸತೊಡಗಿದ. ಎಲ್ಲವೂ ಮರಗಳೇ.

“ಒಂದು ಅಭಯಾರಣ್ಯದಿಂದ ಇನ್ನೊಂದಕ್ಕೆ ಹುಲಿ ನಡೆದು ಹೋಗಲಿ ಅಂತ ನಡುವಿನ ಕಾಡನ್ನೂ ಕಾಯ್ತಾರೆ, ಕಾರಿಡಾರ್ ಅಂತ. ಆ ಪುಟ್ಟ ದೇಶಕ್ಕಿರೋ ಬುದ್ಧಿ ನಮಗಿಲ್ಲ ಕಣೋ.”

ನಾನು ಆಕಳಿಕೆಯನ್ನು ಭಕ್ತಿಪೂರ್ವಕವಾಗಿ ನುಂಗಿದೆ.

ಅಷ್ಟರಲ್ಲಿ ಅವನ ಹೆಂಡತಿ ಸುಮಾ ಅಡುಗೆಮನೆಯಿಂದ ಕೂಗಿದರು: “ರೀ, ಜಿಂಕೆ ಮತ್ತೆ ಬಂತು! ನನ್ನ ಅವರೆ!” ಪ್ರತಿ ವರ್ಷ ಕಾಯಿ ಕಟ್ಟುವ ಮೊದಲೇ ಚಳಿಗೆ ಸಾಯುತ್ತಿದ್ದ ಬಳ್ಳಿ ಈ ಸಲ ಮೊದಲ ಬಾರಿಗೆ ಕಾಯಿ ಬಿಟ್ಟಿತ್ತು.

ಹಿತ್ತಲ ಬೇಲಿಗೆ ಮೂತಿಯಿಟ್ಟು ಜಿಂಕೆಯೊಂದು ಮರಿಯೊಡನೆ ನಿಂತಿತ್ತು. ಕಾಡಿನಿಂದ ಕೊಳಕ್ಕೆ ಅದರ ಹಳೆಯ ದಾರಿ ಇದೇ ಹಿತ್ತಲಂತೆ.

“ಡ್ಯಾಡ್, ದಿಸ್ ಈಸ್ ದೇರ್ ಕಾರಿಡಾರ್,” ಎಂದಳು ಕಾಲೇಜಿಗೆ ಹೋಗುವ ಮಗಳು. “ಜಸ್ಟ್ ಓಪನ್ ದ ಫೆನ್ಸ್.”

“ತೆಗೀರಿ,” ಎಂದರು ಸುಮಾ. “ಇವರಿಗೆ ನಾಳೆ ಅವರೆಕಾಳು ಉಪ್ಪಿಟ್ಟು ಅಂದಿದ್ದೆ. ಬದಲಿಗೆ ನಿಮ್ಮ ಫೋಟೋನೇ ಬಡಿಸ್ತೀನಿ.”

ಶ್ರೀಧರ ಗಂಭೀರವಾಗಿ ಟೀವಿ ಆರಿಸಿದ. ಗ್ಯಾರೇಜಿನಿಂದ ತಂತಿ ತಂದು ಬೇಲಿಯನ್ನು ಇನ್ನೊಂದು ಮೊಳ ಎತ್ತರಿಸಿದ. ತಂತಿಯ ಮತ್ತೊಂದು ತುದಿ ಹಿಡಿದು ನಿಂತವನು ನಾನೇ. ಜಿಂಕೆ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಮರಿಯನ್ನು ಕರೆದುಕೊಂಡು ಕಾರುಗಳು ಓಡುವ ರಸ್ತೆಯ ಕಡೆ ತಿರುಗಿತು.