ಮೆಟ್ಟಿಲಲ್ಲಿ ಸಿಕ್ಕಿಬಿದ್ದ ಐವರು

ಕಳೆದ ವರ್ಷ ನಾನು ಅಡ್ಯಾರ್‌ನ ಸಂಸ್ಥೆಯೊಂದರಲ್ಲಿ ಗೇಮ್ ಆರ್ಟ್ ಕಲಿಯುತ್ತಿದ್ದ ಎರಡನೆಯ ವರ್ಷದ ವಿದ್ಯಾರ್ಥಿನಿ. ವಿಡಿಯೊ ಗೇಮಿನಲ್ಲಿ ಆಟಗಾರ ಓಡಾಡುವ ಬೀದಿ, ಮನೆ, ಕಾಡುಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ನಮ್ಮ ಓದು. ಆ ಸೆಮಿಸ್ಟರ್‌ನಲ್ಲಿ ಹನ್ನೊಂದು ಮಂದಿಯೂ ಒಂದೊಂದು ಜಾಗ ಕಟ್ಟಬೇಕಿತ್ತು. ಅವುಗಳಲ್ಲಿ ನಾಲ್ಕು ಮಾತ್ರ ಕೊನೆಯ ವರ್ಷದ ಗೇಮಿಗೆ ಆಯ್ಕೆಯಾಗುತ್ತವೆ. ಉಳಿದ ಏಳು ಮಂದಿ ವರ್ಷವಿಡೀ ಆ ನಾಲ್ವರ ಜಾಗಗಳಿಗೆ ಕುರ್ಚಿ, ಬಕೆಟ್ಟು ಮಾಡಿಕೊಡಬೇಕು. ಬಕೆಟ್ಟು ಮಾಡುವ ಮನಸ್ಸು ನನಗಿರಲಿಲ್ಲ.

ನಾನು ಆರಿಸಿಕೊಂಡದ್ದು ಮೈಲಾಪೂರಿನಲ್ಲಿ ಸೋದರತ್ತೆ ವಾಸವಿರುವ ಮೂರಂತಸ್ತಿನ ಹಳೆಯ ಕಟ್ಟಡ. ಟೇಪು ಹಿಡಿದು ಎರಡು ಭಾನುವಾರ ಅಳೆದೆ. ಮೆಟ್ಟಿಲ ಅಗಲ 82 ಸೆಂಟಿಮೀಟರ್, ಬಾಗಿಲು 76. ಒಟ್ಟು 63 ಅಳತೆಗಳು ಡೈರಿ ಸೇರಿದವು.

"ಸಾಕು ಕಣೇ," ಎಂದರು ಅತ್ತೆ. "ಎದುರು ಮನೆ ಮಾಮಿ ಆಗ್ಲೇ ಕೇಳಾಯ್ತು, ಮನೆ ಮಾರ್ತಿದ್ದೀರಾ ಅಂತ."

"ಮಾರೋಕಲ್ಲ ಅತ್ತೆ, ಗೇಮಿಗೆ."

"ಆಟಕ್ಕೆ ಇಷ್ಟೊಂದು ಸೆಂಟಿಮೀಟರಾ! ನಿಮ್ಮಪ್ಪ ಇನ್ಶೂರೆನ್ಸ್ ಸರ್ವೇಗೂ ಇಷ್ಟು ಅಳೆದೋನಲ್ಲ."

ಕಟ್ಟಲು ಇಪ್ಪತ್ತಾರು ದಿನ ಹಿಡಿಯಿತು. ಅದರಲ್ಲಿ ಒಂಬತ್ತು ದಿನ ಮೊದಲ ಮಹಡಿಯ ಮೆಟ್ಟಿಲ ಪಕ್ಕದ ಕೋಣೆಗೇ ಹೋದವು.

ಸಲ್ಲಿಕೆಗೆ ನಾಲ್ಕು ದಿನ ಮುಂಚೆ ಪ್ಲೇಟೆಸ್ಟ್, ಅಂದರೆ ಬೇರೆಯವರು ಆಡಿ ನೋಡುವ ಪರೀಕ್ಷೆ. ನಮ್ಮಲ್ಲಿ ಅದಕ್ಕೊಂದು ಕಟ್ಟುನಿಟ್ಟಾದ ನಿಯಮವಿದೆ: ಕಟ್ಟಿದವರು ಆಡುವವರ ಹಿಂದೆ ಕೂತು ನೋಡಬೇಕು, ಬಾಯಿ ಬಿಡಬಾರದು. ಆಡುವವರು ಬೀದಿಬಾಗಿಲಿನಿಂದ ತಾರಸಿಯವರೆಗೆ ಹತ್ತಬೇಕು. ಮೊದಲು ಕೂತವನು ಸಹಪಾಠಿ ಕಾರ್ತಿಕ್. ಮೊದಲ ಮಹಡಿಯ ತಿರುವಿನಲ್ಲಿ ಪರದೆಯ ತುಂಬ ಪಾತ್ರದ ತಲೆಕೂದಲೇ ಕಾಣತೊಡಗಿತು.

"ಎನ್ನಡೀ ಇದು, ಮನೆಯಾ ಹೇರ್ ಆಯಿಲ್ ಜಾಹೀರಾತಾ?" ಎಂದ ಅರ್ಧ ತಮಿಳಿನಲ್ಲಿ.

ಎಡಕ್ಕೆ ತಿರುಗು ಎನ್ನಲು ನಾಲಿಗೆ ತುರಿಸುತ್ತಿತ್ತು. ಆಡಿದವರು ಐವರು, ಅಲ್ಲೇ ಸಿಕ್ಕಿಬಿದ್ದವರೂ ಐವರು.

ಡೈರಿ ಹಿಡಿದು ನಮ್ಮ ಶಿಕ್ಷಕಿ ಸೆಲ್ವಿ ಮ್ಯಾಮ್ ಹತ್ತಿರ ಓಡಿದೆ. "ಒಂದು ಸೆಂಟಿಮೀಟರೂ ತಪ್ಪಿಲ್ಲ ಮ್ಯಾಮ್!"

"ಅದೇ ತಪ್ಪಮ್ಮಾ," ಎಂದರು. "ಆಡುವವನ ಕಣ್ಣು ಪಾತ್ರದ ಮುಖದಲ್ಲಿಲ್ಲ, ಎರಡು ಮೀಟರ್ ಹಿಂದಿನ ಕ್ಯಾಮೆರಾದಲ್ಲಿದೆ. ಹಿಂದೆ ಗೋಡೆ ಸಿಕ್ಕರೆ ಅದು ಪಾತ್ರದ ತಲೆಗೇ ಬಂದು ಅಂಟುತ್ತದೆ. ಆ ಕಣ್ಣಿಗೆ ಜಾಗ ಎಲ್ಲಿ ಬಿಟ್ಟಿದ್ದೀಯ?"

ಮೊದಲ ದಿನ ಇಡೀ ಕಟ್ಟಡವನ್ನೇ ಒಂದೂವರೆ ಪಟ್ಟು ಹಿಗ್ಗಿಸಿದೆ. ಮೆಟ್ಟಿಲುಗಳು ಪಾತ್ರ ಹತ್ತಲಾರದಷ್ಟು ಎತ್ತರವಾದವು. ಅತ್ತೆ ಕೂರುವ ಬೆತ್ತದ ಸ್ಟೂಲು ಸೋಫಾದಷ್ಟಾಯಿತು. ಒಂದು ದಿನ ವ್ಯರ್ಥ. ಅಗಲವಾಗಬೇಕಾದದ್ದು ಓಡಾಡುವ ದಾರಿ ಮಾತ್ರ. ಆದರೆ ಕಟ್ಟಡದ ಹೊರಗೋಡೆ ಅಲ್ಲಾಡಿಸಿ ಎಲ್ಲ ಮತ್ತೆ ಕಟ್ಟಲು ಸಮಯವಿಲ್ಲ, ಹೆಚ್ಚಿನ ಜಾಗ ಒಳಗಿನಿಂದಲೇ ಬರಬೇಕು. ಪಕ್ಕದಲ್ಲಿದ್ದುದು ಆ ಒಂಬತ್ತು ದಿನದ ಕೋಣೆ. ಎದ್ದೆ, ನೀರು ಕುಡಿದೆ, ಕೂತೆ, ಮತ್ತೆ ಎದ್ದೆ. ಎರಡನೆಯ ದಿನ ಮಧ್ಯಾಹ್ನ ಅದನ್ನು ಅಳಿಸಿದೆ. ಮೆಟ್ಟಿಲು 170 ಆಯಿತು, ಬಾಗಿಲು 120.

ಮೂರನೆಯ ದಿನ ಮತ್ತೆ ಪರೀಕ್ಷೆ. ಕಾರ್ತಿಕ್ ಬಿಟ್ಟು ಉಳಿದ ನಾಲ್ವರು ಹೊಸಬರು. ಆ ನಾಲ್ವರೂ ತಾರಸಿ ತಲುಪಿದರು. ಕೊನೆಗೆ ಕೂತ ಕಾರ್ತಿಕ್ ತಾರಸಿಗೇನೋ ಹೋದ, ಆದರೆ ಒಣಹಾಕಿದ ಬಟ್ಟೆಗಳ ನಡುವೆ ನಿಂತುಬಿಟ್ಟ. ಹತ್ತು ಸೆಕೆಂಡ್, ಇಪ್ಪತ್ತು. ಡೈರಿಯ 'ಸಿಕ್ಕಿಬಿದ್ದ' ಎಂಬ ಕಾಲಂನಲ್ಲಿ ಒಂದು ಗೆರೆ ಎಳೆದೆ.

ಪೆನ್ನಿನ ಸದ್ದಿಗೆ ತಿರುಗಿದ. "ಏಯ್, ಏನು ಬರೀತಿದ್ದೀಯ? ಎಲ್ಲೂ ಸಿಕ್ಕಿಬಿದ್ದಿಲ್ಲಮ್ಮಾ. ಗಾಳಿ ಬರೋ ಹಾಗಿದೆ ಇಲ್ಲಿ. ಸ್ವಲ್ಪ ಹೊತ್ತು ಇರ್ತೀನಿ."

ಮರುವಾರ ಹಾಕಿದ ಪಟ್ಟಿಯಲ್ಲಿ ನನ್ನದು ಮೂರನೆಯ ಹೆಸರು. ಜನ ಎಲ್ಲಿ ಎಡವುತ್ತಾರೆಂದು ಎಣಿಸುವುದನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ಅವರು ಎಲ್ಲಿ ತಾವಾಗಿಯೇ ನಿಲ್ಲುತ್ತಾರೆ ಎಂಬುದಕ್ಕೂ ಒಂದು ಕಾಲಂ ಬೇಕೆಂದು ಕಲಿಸಿದ್ದು ಆ ಗೆರೆ. ಅವತ್ತೇ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೊಸ ಕಾಲಂ ತೆರೆದೆ. ಈವರೆಗೆ ಅದರಲ್ಲಿ ಏಳೇ ಗೆರೆಗಳಿವೆ.