ಎಳೆದು ಹಾಡುತ್ತಿದ್ದ ದೊಡ್ಡವ್ವ

ಮೊನ್ನೆ ಸಿಂಧನೂರಿನಿಂದ ಮಸ್ಕಿಗೆ ಬರುವ ಬಸ್ಸಿನಲ್ಲಿ ಯಾರೋ ನನ್ನ ಸೀಟಿನ ಕೆಳಗೆ ಒಂದು ಗೋಣಿಚೀಲ ತಳ್ಳಿದರು. ಒಳಗೆ ಆಗಷ್ಟೇ ಕಿತ್ತ ಭತ್ತದ ಸಸಿ. ಬೇರಿಗಂಟಿದ ಕೆಸರಿನ ಹಸಿ ವಾಸನೆ ಮೇಲೆದ್ದಿತು. ಆಮೇಲೆ ಕಂಡಕ್ಟರ್ ಬಂದು ಟಿಕೆಟ್ ಕೇಳಿದ್ದು ನನಗೆ ಎರಡನೆಯ ಸಲಕ್ಕೆ ಕೇಳಿಸಿತು...

ನನ್ನ ತವರು ಲಿಂಗಸುಗೂರು. ನಮ್ಮದು ಜೋಳ, ತೊಗರಿಯ ಹೊಲ. ಮದುವೆಯಾಗಿ ಬಳಗಾನೂರಿಗೆ ಬರುವವರೆಗೆ ನೀರು ನಿಂತ ಗದ್ದೆಗೆ ಇಳಿದವಳಲ್ಲ. ಹಾಡಿನ ವಿಷಯದಲ್ಲೂ ನನ್ನದೊಂದು ಹಟವಿತ್ತು. ಅಣ್ಣನ ಟೇಪಿನಲ್ಲಿ ಕುಣಿಸುವ ಸಿನಿಮಾ ಹಾಡುಗಳನ್ನೇ ಕೇಳಿ ಬೆಳೆದಿದ್ದೆ. ನಿಧಾನದ ಹಾಡು ಬಂದರೆ ಕರೆಂಟು ಕಡಿಮೆಯಾಗಿದೆ ಎಂದು ನಗುತ್ತಿದ್ದೆ.

ಬಳಗಾನೂರಿನಲ್ಲಿ ನಮ್ಮ ಎದುರುಮನೆಯಲ್ಲಿದ್ದವಳು ದೊಡ್ಡವ್ವ. ಸಂಬಂಧಿಯಲ್ಲ, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು. ನಾಟಿಗೆ ಹೋಗುವ ಹೆಂಗಸರ ಗುಂಪಿನಲ್ಲಿ ಹಾಡು ಎತ್ತಿಕೊಡುವವಳು ಅವಳೇ. ಒಂದು ಸೊಲ್ಲು ಅವಳು ಹೇಳಿದರೆ ಉಳಿದವರು ಅದನ್ನು ತಿರುಗಿ ಹೇಳಬೇಕು. ಸೊಲ್ಲು ಮುಗಿದಾಗ ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ. ನಾಟಿಯೆಂದರೆ ಹಿಂದೆ ಸರಿಯುತ್ತಾ ಮಾಡುವ ಕೆಲಸ. ಹಾಗಾಗಿ ಕೈ ನಿಧಾನವಿದ್ದವಳು ಮರೆಯಾಗುವುದಿಲ್ಲ. ಎಲ್ಲರ ಕಣ್ಣೆದುರಿಗೆ, ಮುಂದೆ ಒಬ್ಬಳೇ ಉಳಿಯುತ್ತಾಳೆ. ಗುತ್ತಿಗೆಯ ಕೆಲಸವಾದ್ದರಿಂದ ಅಂಥವಳನ್ನು ಗುಂಪು ಬಹಳ ದಿನ ಇಟ್ಟುಕೊಳ್ಳುತ್ತಿರಲಿಲ್ಲ.

ಮೊದಲ ವರ್ಷ ಹಾಗೆ ಉಳಿಯುತ್ತಿದ್ದವಳು ನಾನು.

"ಏನಬೇ ಜ್ವಾಳದ ಸೀಮಿ ಸೊಸಿ, ಸಸಿ ಹಚ್ಚಾಕತ್ತೀಯೋ, ಕೆಸರಾಗ ಮೂಗುತಿ ಹುಡುಕಾಕತ್ತೀಯೋ?" ಎಂದು ಯಾರಾದರೂ ಕೂಗಿದರೆ ಎಲ್ಲರೂ ನಗುತ್ತಿದ್ದರು. ದೊಡ್ಡವ್ವ ನಗುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಸೊಲ್ಲಿನ ಕೊನೆಯನ್ನು ಎಳೆಯುತ್ತಿದ್ದಳು, ಅಷ್ಟೆ. ಹೊಳೆಯುವ ನೀರಿನ ಮೇಲೆ ಆ ಧ್ವನಿ ಇನ್ನೇನು ನಿಂತಿತು ಅನ್ನುವಷ್ಟು ಸಣ್ಣಗಾಗಿ, ನಿಲ್ಲದೆ, ಮತ್ತೆ ಎಲ್ಲಿಂದಲೋ ತೇಲಿ ಬರುತ್ತಿತ್ತು... ನನಗೆ ಸಿಟ್ಟು ಬರುತ್ತಿತ್ತು. "ಆ ಮುದುಕಿ ಹಾಡು ಕೇಳಿದ್ರ ನಿದ್ದಿ ಬರ್ತದ ನೋಡ್ರಿ" ಎಂದು ಗಂಡನ ಮುಂದೆ ಆಡಿಕೊಂಡಿದ್ದೆ.

ನಾಲ್ಕನೆಯ ವರ್ಷಕ್ಕೆ ನನ್ನ ಕೈ ಚುರುಕಾಗಿತ್ತು. ಗಂಡ ಮೆಮೊರಿ ಕಾರ್ಡಿನ ಫೋನೊಂದನ್ನು ತಂದಿದ್ದರು. ಸಿಂಧನೂರಿನ ಅಂಗಡಿಯಲ್ಲಿ ಅದಕ್ಕೆ ನನಗೆ ಬೇಕಾದ ಹಾಡುಗಳನ್ನೆಲ್ಲ ತುಂಬಿಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬದುವಿನ ಜಾಲಿಗಿಡಕ್ಕೆ ತೂಗುಹಾಕಿದೆ. ಗುಂಪಿಗೆ ಹಬ್ಬವಾಯಿತು.

"ಹಚ್ಚಬೇ, ಚಲೋ ಅದಾವು," ಎಂದವಳು ದೊಡ್ಡವ್ವನೇ. ಅಂದು ಅವಳು ಹಾಡಲಿಲ್ಲ; ಎಲ್ಲರ ಕೈಯೂ ಫೋನಿನ ಹಾಡಿನ ಓಟಕ್ಕೆ ಓಡಿತು.

ಮಧ್ಯಾಹ್ನದ ಹೊತ್ತಿಗೆ ತಲೆಯೆತ್ತಿ ನೋಡಿದೆ. ನಾವೆಲ್ಲ ಬಹಳ ಹಿಂದೆ ಸರಿದಿದ್ದೆವು. ಮುಂದೆ, ಹಸಿರಿನ ನಡುವೆ ಉಳಿದ ಬರಿ ಕೆಸರಿನ ಪಟ್ಟಿಯಲ್ಲಿ ದೊಡ್ಡವ್ವ ಒಬ್ಬಳೇ ಬಗ್ಗಿದ್ದಳು. ಮಂಡಿ ನೋವೆಂದು ಹಿಂದಿನ ವಾರ ಹೇಳಿದ್ದಳು. ಹೋಗಿ ಹಾಡು ನಿಲ್ಲಿಸಬೇಕು ಅನ್ನಿಸಿತು. ಅಷ್ಟರಲ್ಲಿ ನನಗೆ ಬಹಳ ಇಷ್ಟವಾದ ಹಾಡು ಶುರುವಾಯಿತು. ಇದು ಮುಗಿಯಲಿ ಅಂದುಕೊಂಡೆ. ಇದನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ.

ಸಂಜೆ ಕಾಲುವೆಯಲ್ಲಿ ಕಾಲು ತೊಳೆಯುವಾಗ ಗುಂಪಿನ ಮೇಸ್ತ್ರಿ ಹೆಂಗಸು ಹೇಳಿದಳು: "ದೊಡ್ಡವ್ವಾ, ನಾಳಿಂದ ಮನ್ಯಾಗ ಇರು. ನಿನ್ನ ಪಾಲಿಂದೂ ನಾವ ಹಚ್ಚಾಕ ಆಗಂಗಿಲ್ಲ."

"ಆತು ಬಿಡಬೇ," ಎಂದಳು. ಇನ್ನೊಂದು ಕಾಲನ್ನೂ ನಿಧಾನಕ್ಕೆ, ಬೆರಳ ಸಂದಿಯ ಕೆಸರು ಹೋಗುವವರೆಗೆ ತೊಳೆದಳು.

ದಾರಿಯಲ್ಲಿ ಗುಂಪಿನ ನನ್ನ ಓರಗೆಯವಳೊಬ್ಬಳು ನನ್ನ ಪಕ್ಕಕ್ಕೆ ಬಂದಳು. "ನೀ ಬಂದ ವರ್ಷ ನಿನಗೂ ಹಿಂಗ ಹೇಳ್ತಿದ್ರು. ನೀ ಉಳಿದಾಗೆಲ್ಲ ಆಕಿ ಹಾಡು ಎಳೀತಿದ್ದಿಲ್ಲೇನು? ಸೊಲ್ಲು ಮುಗಿಯೂತನ ಯಾರೂ ಸರಿಯಂಗಿಲ್ಲಲ್ಲ. ನಿನಗ ಗೊತ್ತಾಗಿಲ್ಲ ಏನ ಹುಚ್ಚಿ?"

ನನಗೆ ಗೊತ್ತಾಗಿರಲಿಲ್ಲ. ಅವಳಿಗೆ ದಮ್ಮು ಸಾಲದು, ಅದಕ್ಕೇ ಎಳೆಯುತ್ತಾಳೆ ಅಂದುಕೊಂಡಿದ್ದೆ.

ಮರುದಿನವೇ ಅವಳ ಮನೆಗೆ ಹೋದೆ. ಒಂದು ಹಾಡು ಹೇಳು ಎಂದೆ. ಅವಳು ಗೋಡೆಗೆ ಒರಗಿ ಎರಡು ಸಲ ಬಾಯಿ ತೆರೆದಳು. ಆಮೇಲೆ ನಕ್ಕಳು. "ಕುಂತು ಹಾಡಾಕ ಬರಂಗಿಲ್ಲಬೇ ನನಗ. ಬಗ್ಗಿದ್ರ ಬರ್ತದ. ನಿನ್ನ ಫೋನಿನಾಗ ಹಚ್ಚು, ಕೇಳೂಣು." ಮತ್ತೆರಡು ಮಳೆಗಾಲ ಕಂಡಳು. ಗದ್ದೆಗೆ ಬರಲಿಲ್ಲ.

ಆ ಕುಣಿಸುವ ಹಾಡುಗಳು ನನ್ನಿಂದ ಯಾವಾಗ ದೂರವಾದವೋ ಹೇಳಲಾರೆ. ಬೇಸರ ಬಂದು ಬಿಟ್ಟದ್ದಲ್ಲ. ಶುರುವಾದ ಕೂಡಲೇ ಯಾರನ್ನೋ ಬಿಟ್ಟು ಓಡುತ್ತಿವೆ ಅನ್ನಿಸುತ್ತದೆ. ಈಗ ಯಾರಾದರೂ ಒಂದು ಸ್ವರವನ್ನು ಹಿಡಿದು ನಿಂತರೆ ಸಾಕು, ಭಾಷೆ ತಿಳಿಯದಿದ್ದರೂ, ಒಲೆಯ ಮುಂದೆ ಕೈ ಸುಮ್ಮನಾಗುತ್ತದೆ...

ಬಸ್ಸಿಳಿದು ಮನೆಗೆ ಬಂದ ಸಂಜೆ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಫೋನು ತೆಗೆದಳು. "ಯವ್ವಾ, ಆ ಹಾಡಿನ ಶುರುವಿಂದ ಎರಡು ಮಾತು ಹೇಳು. ಯಾರರ ಹಾಡಿ ಹಾಕಿರ್ತಾರ, ಹುಡುಕೂಣು."

ಬಾಯಿ ತೆರೆದೆ. ಹಾಡಿನ ಒಂದು ಮಾತೂ ನೆನಪಿಗೆ ಬರಲಿಲ್ಲ. ದೊಡ್ಡವ್ವ ಹಾಡು ಎತ್ತಿಕೊಳ್ಳುವಾಗ ನನ್ನ ಗಮನವೆಲ್ಲ ಬೆರಳುಗಳ ಮೇಲಿರುತ್ತಿತ್ತು; ಉಳಿದವರು ತಿರುಗಿ ಹೇಳುವಾಗ ನಾನು ಬರಿ ತುಟಿ ಆಡಿಸುತ್ತಿದ್ದೆ. ನಾನು ಕೇಳಿಸಿಕೊಂಡದ್ದು ಅವಳು ಎಳೆದಷ್ಟನ್ನು ಮಾತ್ರ. ಅದರಲ್ಲಿ ಮಾತೇ ಇರಲಿಲ್ಲ.

"ಹೇಳಬೇ," ಎಂದಳು ಮಗಳು, ಬೆರಳು ಫೋನಿನ ಮೇಲೆ ಇಟ್ಟುಕೊಂಡು.